ನಿಂತ ಗಾಡಿಯ ಲೆಕ್ಕ: ಸಾರಿಗೆ ನಿರ್ವಹಣೆಯಲ್ಲಿ ಮೇಲೇರುವ ದಾರಿ

ಟ್ರಾನ್ಸ್‌ಪೋರ್ಟ್ ಆಫೀಸಿಗೆ ಬುಕಿಂಗ್ ಕ್ಲರ್ಕ್ ಆಗಿ ಸೇರಿದವರು ಹತ್ತು ವರ್ಷ ಕಳೆದರೂ ಅದೇ ಮೇಜಿನಲ್ಲಿ ಎಲ್‌ಆರ್ (ಲಾರಿ ರಸೀದಿ) ಬರೆಯುತ್ತಿರುತ್ತಾರೆ. ಡ್ರೈವರ್ ಆಗಿ ಬಂದವರಿಗೆ ನಲವತ್ತು ದಾಟುತ್ತಿದ್ದಂತೆ ಸೊಂಟನೋವು ಶುರುವಾಗುತ್ತದೆ. ಸ್ಟೇರಿಂಗ್ ಬಿಟ್ಟರೆ ಮುಂದೇನು ಎಂದು ತೋಚುವುದಿಲ್ಲ. ಆಟೊಮೊಬೈಲ್ ಡಿಪ್ಲೊಮಾ ಮುಗಿಸಿದವರು ಷೋರೂಮಿನಲ್ಲಿ ಜಾಬ್ ಕಾರ್ಡ್ ತುಂಬಿಸುವುದರಲ್ಲೇ ಉಳಿದುಬಿಡುತ್ತಾರೆ. ಇತ್ತ ನೆಲಮಂಗಲ, ದಾಬಸ್‌ಪೇಟೆ, ಹೊಸಕೋಟೆ ಸುತ್ತ ಗೋದಾಮುಗಳು ಏಳುತ್ತಲೇ ಇವೆ. ಹುಬ್ಬಳ್ಳಿಯಲ್ಲಾಗಲಿ, ಮಂಗಳೂರಿನ ಬೈಕಂಪಾಡಿಯಲ್ಲಾಗಲಿ ಹತ್ತಿಪ್ಪತ್ತು ಗಾಡಿ ಇಟ್ಟುಕೊಂಡ ಮಾಲೀಕರನ್ನು ಕೇಳಿ ನೋಡಿ, ‘ನಂಬಿ ಗಾಡಿ ಒಪ್ಪಿಸುವಂಥವರು ಸಿಗುವುದಿಲ್ಲ’ ಎನ್ನುತ್ತಾರೆ. ಕೆಲಸ ಇದೆ, ಕೆಲಸಗಾರರೂ ಇದ್ದಾರೆ. ನಡುವೆ ಇಲ್ಲದಿರುವುದು ಒಂದು ಬಗೆಯ ತಿಳಿವಳಿಕೆ. ಅದನ್ನು ಗಳಿಸುವುದು ಹೇಗೆಂದು ಇಲ್ಲಿ ನೋಡೋಣ.

ನಮ್ಮ ನಾಡಿನಲ್ಲಿ ಈ ಕಸುಬಿಗೆ ಹಳೆಯ ಬೇರುಗಳಿವೆ. 1948ರಲ್ಲಿ ಮೈಸೂರು ಸರ್ಕಾರದ ರಸ್ತೆ ಸಾರಿಗೆ ಇಲಾಖೆಯಾಗಿ ಶುರುವಾದದ್ದೇ 1961ರಲ್ಲಿ ನಿಗಮವಾಯಿತು; ಇಂದಿನ ನಾಲ್ಕು ಸಾರಿಗೆ ನಿಗಮಗಳ ಮೂಲ ಅದು. ಖಾಸಗಿ ವಲಯದಲ್ಲಿ ವಿಜಯ ಸಂಕೇಶ್ವರರು 1976ರಲ್ಲಿ ಗದುಗಿನಲ್ಲಿ ಒಂದೇ ಲಾರಿಯಿಂದ ಆರಂಭಿಸಿದ ಸಂಸ್ಥೆ ದೇಶದ ದೊಡ್ಡ ಸರಕು ಸಾಗಣೆ ಕಂಪನಿಗಳಲ್ಲೊಂದಾಗಿ ಬೆಳೆಯಿತು.

ಮೊದಲು ಒಂದು ಲೆಕ್ಕ

ಕೋರ್ಸು, ಸರ್ಟಿಫಿಕೇಟುಗಳ ಮಾತಿಗೆ ಮುಂಚೆ ಮಾಲೀಕರಿಗೆ ನಿದ್ದೆ ಕೆಡಿಸುವುದು ಏನೆಂದು ತಿಳಿದುಕೊಳ್ಳಿ. ಒಂದು ಹತ್ತು ಚಕ್ರದ ಲಾರಿಗೆ ಸಾಲದ ಕಂತು, ವಿಮೆ, ತೆರಿಗೆ, ಪರ್ಮಿಟ್, ಡ್ರೈವರ್ ಸಂಬಳ ಎಲ್ಲ ಸೇರಿ ತಿಂಗಳಿಗೆ 90,000 ರೂಪಾಯಿ ಎಂದಿಟ್ಟುಕೊಳ್ಳಿ. ಗಾಡಿ ಓಡಲಿ ಬಿಡಲಿ, ಈ ಹಣ ಹೋಗುತ್ತದೆ. ತಿಂಗಳಿಗೆ 8,000 ಕಿ.ಮೀ. ಓಡಿದರೆ ಕಿಲೋಮೀಟರಿಗೆ 11 ರೂಪಾಯಿ 25 ಪೈಸೆ ಬೀಳುತ್ತದೆ. 5,000 ಕಿ.ಮೀ. ಮಾತ್ರ ಓಡಿದರೆ ಅದೇ 18 ರೂಪಾಯಿ. ಡೀಸೆಲ್ ದರ ಏರದೆ, ಟೈರ್ ಸವೆಯದೆ, ಬರೀ ನಿಂತದ್ದಕ್ಕೇ ಕಿಲೋಮೀಟರಿಗೆ 6 ರೂಪಾಯಿ 75 ಪೈಸೆ ಹೆಚ್ಚಾಯಿತು. ಒಂದು ದಿನ ಯಾರ್ಡಿನಲ್ಲಿ ನಿಂತರೆ 3,000 ರೂಪಾಯಿ ಕೈಬಿಟ್ಟಂತೆ.

ಗಾಡಿ ನಿಲ್ಲುವುದಕ್ಕೆ ಹೆಚ್ಚಾಗಿ ಐದು ಕಾರಣಗಳಿರುತ್ತವೆ: ಲೋಡ್ ಸಿಗದಿರುವುದು, ಲೋಡ್ ಇಳಿಸಲು ತಡವಾಗುವುದು, ಕಾಗದಪತ್ರದ ಅವಧಿ ಮುಗಿದಿರುವುದು, ಗಾಡಿ ಕೆಟ್ಟಿರುವುದು, ಡ್ರೈವರ್ ಬರದಿರುವುದು. ಫ್ಲೀಟ್ ಮ್ಯಾನೇಜರ್ ಕೆಲಸವೆಂದರೆ ಈ ಐದನ್ನೂ ಮೊದಲೇ ಕಂಡುಹಿಡಿದು ತಪ್ಪಿಸುವುದು. ನೀವು ಈಗ ಯಾವ ಹುದ್ದೆಯಲ್ಲೇ ಇರಿ, ನಿಂತ ಗಾಡಿ ಯಾಕೆ ನಿಂತಿದೆ ಎಂದು ಬರೆದಿಡಲು ಇವತ್ತಿನಿಂದಲೇ ಶುರುಮಾಡಬಹುದು. ಗಾಡಿ ನಂಬರ್, ತಾರೀಖು, ನಿಂತ ಗಂಟೆ, ಕಾರಣ ಎಂಬ ನಾಲ್ಕು ಕಾಲಮಿನ ಪುಸ್ತಕ ಸಾಕು. ಮೂರು ತಿಂಗಳು ಬರೆದ ಮೇಲೆ, ನಿಮ್ಮ ಕಂಪನಿಯ ಹಣ ಎಲ್ಲಿ ಸೋರುತ್ತಿದೆ ಎಂಬುದು ಎಷ್ಟೋ ಮ್ಯಾನೇಜರುಗಳಿಗಿಂತ ನಿಮಗೇ ಚೆನ್ನಾಗಿ ಗೊತ್ತಿರುತ್ತದೆ.

ಒಳಬರಲು ಯಾವ ಬಾಗಿಲು?

1. ಸ್ಟೇರಿಂಗ್ ಕಡೆಯಿಂದ. ಒಟ್ಟು ತೂಕ 7,500 ಕೆ.ಜಿ.ಯೊಳಗಿನ ಸರಕು ವಾಹನವನ್ನು ಎಲ್‌ಎಂವಿ (ಲಘು ಮೋಟಾರು ವಾಹನ) ಲೈಸೆನ್ಸಿನಲ್ಲೇ ಓಡಿಸಬಹುದೆಂದು ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ 2024ರ ನವೆಂಬರಿನಲ್ಲಿ ಖಚಿತಪಡಿಸಿತು. ಹಾಗಾಗಿ ಪಿಕಪ್‌ನಂಥ ಸಣ್ಣ ಗಾಡಿಯಿಂದ ಶುರುಮಾಡುವುದು ಸುಲಭ. ಹೆವಿ ಲೈಸೆನ್ಸ್ ಬೇಕಾದರೆ ವಯಸ್ಸು 20 ತುಂಬಿರಬೇಕು, ಎಲ್‌ಎಂವಿ ಪಡೆದು ಒಂದು ವರ್ಷ ಆಗಿರಬೇಕು. ಪೆಟ್ರೋಲ್, ಗ್ಯಾಸ್ ಟ್ಯಾಂಕರ್ ಓಡಿಸುವವರು ಅಪಾಯಕಾರಿ ಸರಕಿನ ತರಬೇತಿ ಪಡೆದು ಲೈಸೆನ್ಸಿನಲ್ಲಿ ಅದನ್ನು ನಮೂದು ಮಾಡಿಸಿಕೊಂಡಿರಬೇಕು.

2. ವರ್ಕ್‌ಶಾಪ್ ಕಡೆಯಿಂದ. ಐಟಿಐಯಲ್ಲಿ ಮೋಟಾರ್ ವೆಹಿಕಲ್ ಮೆಕ್ಯಾನಿಕ್ ಎರಡು ವರ್ಷದ ಟ್ರೇಡು, ಡೀಸೆಲ್ ಮೆಕ್ಯಾನಿಕ್ ಒಂದು ವರ್ಷದ್ದು. ಕೆಎಸ್‌ಆರ್‌ಟಿಸಿ ಡಿಪೊಗಳಲ್ಲಿ ಐಟಿಐ ಮುಗಿಸಿದವರಿಗೆ ಅಪ್ರೆಂಟಿಸ್ ಅವಕಾಶ ಇರುತ್ತದೆ. ಸ್ಟೈಪೆಂಡ್ ಕಡಿಮೆ ಎಂದು ಬಿಡಬೇಡಿ. ಬೆಳಗಿನ ಜಾವ ಹೊರಡಬೇಕಾದ ಬಸ್ಸುಗಳನ್ನು ರಾತ್ರಿಯೊಳಗೆ ಸಜ್ಜು ಮಾಡುವ ಡಿಪೊ ಶಿಸ್ತು ಖಾಸಗಿಯಲ್ಲಿ ಕಲಿಯಲು ಸಿಗುವುದು ಅಪರೂಪ.

3. ಕಚೇರಿ ಕಡೆಯಿಂದ. ಬಿ.ಕಾಂ. ಅಥವಾ ಯಾವುದೇ ಪದವಿ ಇದ್ದು ಎಕ್ಸೆಲ್ ಬಂದರೆ ಬುಕಿಂಗ್, ಬಿಲ್ಲಿಂಗ್, ಗಾಡಿ ಟ್ರ್ಯಾಕಿಂಗ್ ಕೆಲಸ ಸಿಗುತ್ತದೆ. ಹೆಣ್ಣುಮಕ್ಕಳು ಈ ಕ್ಷೇತ್ರಕ್ಕೆ ಬರಲು ಈಗ ಇದು ಒಳ್ಳೆಯ ದಾರಿ. ಆದರೆ ಯಾರಿಗೇ ಆಗಲಿ ಒಂದು ಮಾತು: ವಾರಕ್ಕೆ ಒಂದು ದಿನವಾದರೂ ಯಾರ್ಡಿಗೆ ಇಳಿಯಿರಿ. ಪರದೆಯ ಮೇಲಿನ ಚುಕ್ಕಿ ನಿಂತಿದೆ ಎಂದು ತೋರಿಸುತ್ತದೆ, ಯಾಕೆಂದು ಹೇಳುವುದಿಲ್ಲ.

4. ಸರ್ಕಾರಿ ಪರೀಕ್ಷೆಯ ಮೂಲಕ. ಸಂಚಾರ ನಿಯಂತ್ರಕ, ಸಂಚಾರ ನಿರೀಕ್ಷಕ, ತಾಂತ್ರಿಕ ಸಹಾಯಕ, ಡಿಪೊ ವ್ಯವಸ್ಥಾಪಕ ಎಂದು ನಿಗಮಗಳಲ್ಲಿ ಮೆಟ್ಟಿಲುಗಳಿವೆ. ಆರ್‌ಟಿಒ ಕಚೇರಿಯ ಮೋಟಾರು ವಾಹನ ನಿರೀಕ್ಷಕ ಹುದ್ದೆಗೆ ಆಟೊಮೊಬೈಲ್ ಅಥವಾ ಮೆಕ್ಯಾನಿಕಲ್ ಡಿಪ್ಲೊಮಾ ಬೇಕು. ನೇಮಕಾತಿ ಪ್ರಕಟಣೆಗಾಗಿ ಸುಮ್ಮನೆ ಕಾಯುತ್ತ ಕೂರಬೇಡಿ. ಖಾಸಗಿಯಲ್ಲಿ ಕೆಲಸ ಮಾಡುತ್ತಲೇ ಓದಿ.

ಕಾಗದಪತ್ರ: ಮೊದಲ ಆರು ತಿಂಗಳ ಪಾಠ

ಗಾಡಿ ನಿಲ್ಲುವ ಐದು ಕಾರಣಗಳಲ್ಲಿ ಪೂರ್ತಿ ನಿಮ್ಮ ಕೈಯಲ್ಲಿರುವುದು ಕಾಗದಪತ್ರವೊಂದೇ. ಹಾಗಾಗಿ ಇಲ್ಲಿಂದ ಶುರುಮಾಡಿ.

1. ಎಫ್‌ಸಿ. ಅಂದರೆ ಫಿಟ್‌ನೆಸ್ ಸರ್ಟಿಫಿಕೇಟ್. ಹೊಸ ಸಾರಿಗೆ ವಾಹನಕ್ಕೆ ಎರಡು ವರ್ಷ, ಆಮೇಲೆ ಗಾಡಿಗೆ ಎಂಟು ವರ್ಷ ಆಗುವ ತನಕ ಎರಡು ವರ್ಷಕ್ಕೊಮ್ಮೆ, ನಂತರ ಪ್ರತಿ ವರ್ಷ. ಅವಧಿ ಮುಗಿಯುವ ಒಂದು ತಿಂಗಳ ಮುಂಚೆಯೇ ಬ್ರೇಕು, ಲೈಟು, ರಿಫ್ಲೆಕ್ಟರ್ ಟೇಪು, ಟೈರು ನೋಡಿಸಿ.

2. ನ್ಯಾಷನಲ್ ಪರ್ಮಿಟ್. ಪರ್ಮಿಟ್ ಐದು ವರ್ಷಕ್ಕೆ ಇದ್ದರೂ ಆಥರೈಸೇಷನ್ ವರ್ಷವರ್ಷ ಕಟ್ಟಬೇಕು. ಹೊಸಬರು ಐದು ವರ್ಷದ ತಾರೀಖು ನೋಡಿ ನೆಮ್ಮದಿಯಾಗಿರುತ್ತಾರೆ. ಗಾಡಿ ಮಹಾರಾಷ್ಟ್ರದ ಗಡಿಯಲ್ಲಿ ಸಿಕ್ಕಿಬೀಳುತ್ತದೆ.

3. ವಿಮೆ. ಅವಧಿ ಮುಗಿದು 90 ದಿನ ದಾಟಿದರೆ ಇಷ್ಟು ವರ್ಷ ಸೇರಿದ್ದ ನೋ ಕ್ಲೇಮ್ ಬೋನಸ್ ಹೋಗುತ್ತದೆ. ಅದು ಸಣ್ಣ ನಷ್ಟ. ವಿಮೆ ಇಲ್ಲದ ದಿನ ಅಪಘಾತವಾಗಿ ಯಾರಾದರೂ ಸತ್ತರೆ ಪರಿಹಾರದ ಹೊರೆ ಪೂರ್ತಿ ಮಾಲೀಕರ ತಲೆಗೆ ಬರುತ್ತದೆ. ಸಣ್ಣ ಮಾಲೀಕರಾದರೆ ಮನೆ, ಜಮೀನು ಮಾರುವ ಸ್ಥಿತಿ ಬರುತ್ತದೆ.

4. ಇ-ವೇ ಬಿಲ್. 50,000 ರೂಪಾಯಿಗಿಂತ ಹೆಚ್ಚು ಬೆಲೆಯ ಸರಕು ಸಾಗಿಸಲು ಜಿಎಸ್‌ಟಿಯ ಈ ಆನ್‌ಲೈನ್ ದಾಖಲೆ ಬೇಕು. ರಾಜ್ಯದೊಳಗಿನ ಸಾಗಣೆಗೂ 2018ರ ಏಪ್ರಿಲ್ 1ರಂದೇ ಇದನ್ನು ತಂದ ಮೊದಲ ರಾಜ್ಯ ಕರ್ನಾಟಕ. ಸಾಮಾನ್ಯ ಸರಕಿಗೆ 200 ಕಿ.ಮೀ.ಗೆ ಒಂದು ದಿನದಂತೆ ಅವಧಿ ಸಿಗುತ್ತದೆ. ಗಾಡಿ ದಾರಿಯಲ್ಲಿ ಕೆಟ್ಟು ಸರಕನ್ನು ಬೇರೆ ಲಾರಿಗೆ ಹಾಕಿದರೆ ಹೊಸ ಗಾಡಿಯ ನಂಬರನ್ನು ಭಾಗ-ಬಿಯಲ್ಲಿ ಬದಲಿಸಲೇಬೇಕು. ಅವಧಿ ವಿಸ್ತರಿಸಲು ಸಿಗುವುದು ಮುಗಿಯುವ ಮುಂಚಿನ 8 ಗಂಟೆ ಮತ್ತು ಮುಗಿದ ನಂತರದ 8 ಗಂಟೆ ಮಾತ್ರ. ರಾತ್ರಿ ಹನ್ನೆರಡಕ್ಕೆ ಮುಗಿಯುವ ಬಿಲ್ಲುಗಳ ಪಟ್ಟಿಯನ್ನು ಸಂಜೆಯೇ ನೋಡುವ ಅಭ್ಯಾಸ ಮಾಡಿಕೊಳ್ಳಿ.

ಇವುಗಳ ಜೊತೆಗೆ ತೆರಿಗೆ, ಎಮಿಷನ್ ಟೆಸ್ಟ್, ಡ್ರೈವರ್ ಲೈಸೆನ್ಸ್ ನವೀಕರಣದ ತಾರೀಖನ್ನೂ ಒಂದೇ ಎಕ್ಸೆಲ್ ಹಾಳೆಯಲ್ಲಿ ಹಾಕಿ. 45 ದಿನ ಬಾಕಿ ಇರುವಾಗ ಹಳದಿ, 15 ದಿನಕ್ಕೆ ಕೆಂಪು ಬಣ್ಣ ಬರುವಂತೆ ಮಾಡಿದರೆ ಮಾಲೀಕರಿಗೂ ಒಂದೇ ನೋಟಕ್ಕೆ ಅರ್ಥವಾಗುತ್ತದೆ.

ಡೀಸೆಲ್: ಆರೋಪಕ್ಕೆ ಮುಂಚೆ ತಪಾಸಣೆ

ಓಡಾಟದ ಖರ್ಚಿನಲ್ಲಿ ದೊಡ್ಡ ಪಾಲು ಡೀಸೆಲ್ಲಿನದು. ತಿಂಗಳಿಗೆ 8,000 ಕಿ.ಮೀ. ಓಡುವ ಲಾರಿ ಲೀಟರಿಗೆ 4 ಕಿ.ಮೀ. ಕೊಟ್ಟರೆ 2,000 ಲೀಟರ್ ಬೇಕು. ಅದನ್ನೇ 4.4ಕ್ಕೆ ಏರಿಸಿದರೆ ಸುಮಾರು 1,818 ಲೀಟರ್ ಸಾಕು. ಉಳಿತಾಯ 182 ಲೀಟರ್. ಲೀಟರಿಗೆ 90 ರೂಪಾಯಿ ಹಿಡಿದರೆ ಒಂದು ಗಾಡಿಯಿಂದ ತಿಂಗಳಿಗೆ 16,000 ರೂಪಾಯಿಗೂ ಹೆಚ್ಚು. ಇಪ್ಪತ್ತು ಗಾಡಿಗೆ ಇದನ್ನು ಸಾಧಿಸಿ ತೋರಿಸಿದವರು ಸಂಬಳ ಏರಿಸಿ ಎಂದು ಬೇಡಬೇಕಾಗಿಲ್ಲ.

ಅಳೆಯುವುದು ಹೇಗೆ? ಟ್ಯಾಂಕ್ ಬಾಯಿತನಕ ತುಂಬಿಸಿ ಓಡೋಮೀಟರ್ ಬರೆದುಕೊಳ್ಳಿ. ಟ್ರಿಪ್ ಮುಗಿದ ಮೇಲೆ ಸಾಧ್ಯವಾದರೆ ಅದೇ ಬಂಕಿನಲ್ಲಿ ಮತ್ತೆ ಬಾಯಿತನಕ ತುಂಬಿಸಿ. ಎಷ್ಟು ಲೀಟರ್ ಹಿಡಿಯಿತೋ ಅಷ್ಟೇ ಖರ್ಚಾದದ್ದು. ‘ಐದು ಸಾವಿರ ರೂಪಾಯಿಗೆ ಹಾಕಿಸಿದೆ’ ಎಂಬ ಲೆಕ್ಕದಿಂದ ಮೈಲೇಜ್ ಸಿಗುವುದಿಲ್ಲ.

ಮೈಲೇಜ್ ಬಿದ್ದ ಕೂಡಲೇ ‘ಡ್ರೈವರ್ ಡೀಸೆಲ್ ಕದ್ದ’ ಎನ್ನುವುದು ನಮ್ಮ ಆಫೀಸುಗಳ ಕೆಟ್ಟ ಅಭ್ಯಾಸ. ಕಳ್ಳತನ ಇಲ್ಲವೇ ಇಲ್ಲ ಎನ್ನುತ್ತಿಲ್ಲ. ಆದರೆ ಅದಕ್ಕೆ ಮುಂಚೆ ಈ ಕ್ರಮದಲ್ಲಿ ನೋಡಿ:

1. ದಾರಿ ಮತ್ತು ಲೋಡ್ ಒಂದೇ ಇತ್ತೇ? ಶಿರಾಡಿ ಘಾಟಿ ಹತ್ತಿ ಬಂದ ಗಾಡಿಯನ್ನು ಚಿತ್ರದುರ್ಗದ ಬಯಲಲ್ಲಿ ಓಡಿದ ಗಾಡಿಗೆ ಹೋಲಿಸುವುದು ಅನ್ಯಾಯ.
2. ಟೈರಿನ ಗಾಳಿ. ಗಾಳಿ ಕಡಿಮೆಯಾದರೆ ಟೈರ್ ಹೆಚ್ಚು ಬಾಗುತ್ತದೆ, ಬಿಸಿಯಾಗುತ್ತದೆ, ಉರುಳಲು ಎಂಜಿನ್ ಹೆಚ್ಚು ಎಳೆಯಬೇಕಾಗುತ್ತದೆ. ಡೀಸೆಲ್ಲೂ ಹೋಗುತ್ತದೆ, ಟೈರೂ ಹೋಗುತ್ತದೆ. ಜೋಡಿ ಚಕ್ರದ ಒಳಗಿನ ಟೈರನ್ನು ಕೋಲಿನಲ್ಲಿ ಬಡಿದು ನೋಡಿದರೆ ಸಾಲದು, ಗೇಜ್ ಹಾಕಿಸಿ.
3. ಬ್ರೇಕ್ ಹಿಡಿದುಕೊಂಡಿದೆಯೇ? ಗಾಡಿ ನಿಲ್ಲಿಸಿದ ಕೂಡಲೇ ಡ್ರಮ್ಮುಗಳ ಹತ್ತಿರ ಕೈ ಒಡ್ಡಿ ನೋಡಿ. ಮುಟ್ಟಬೇಡಿ. ಒಂದೇ ಒಂದು ಡ್ರಮ್ ಉಳಿದವಕ್ಕಿಂತ ಕಾವೇರಿದ್ದರೆ ದೋಷ ಅಲ್ಲಿದೆ.
4. ಏರ್ ಫಿಲ್ಟರ್, ಕ್ಲಚ್, ಎಲ್ಲಾದರೂ ಡೀಸೆಲ್ ಸೋರಿಕೆ.
5. ಎಂಜಿನ್ ಚಾಲೂ ಇಟ್ಟು ನಿಂತ ಸಮಯ. ಗೋದಾಮಿನ ಸಾಲಿನಲ್ಲಿ ಆರು ಗಂಟೆ ಒಂದೊಂದೇ ಅಡಿ ಮುಂದೆ ಸರಿದಿದ್ದರೆ ಅದು ಡ್ರೈವರ್ ತಪ್ಪಲ್ಲ. ಪಾರ್ಟಿಯಿಂದ (ಸರಕಿನ ಗ್ರಾಹಕರಿಂದ) ಹಾಲ್ಟಿಂಗ್ ಚಾರ್ಜ್ ಕೇಳಬೇಕಾದ ವಿಷಯ.

ಇಷ್ಟೂ ಸರಿಯಿದ್ದು, ಅದೇ ದಾರಿಯಲ್ಲಿ ಮೂರ್ನಾಲ್ಕು ಟ್ರಿಪ್ಪಿನಲ್ಲೂ ವ್ಯತ್ಯಾಸ ಉಳಿದರೆ ಡ್ರೈವರನ್ನು ಕೂರಿಸಿ ಮಾತಾಡಿ. ಹಾಳೆ ಮುಂದಿಟ್ಟು, ನಾಲ್ಕು ಜನರ ಮುಂದಲ್ಲ.

2020ರ ಏಪ್ರಿಲಿನಿಂದ ಬಂದ ಬಿಎಸ್-6 ಗಾಡಿಗಳ ಬಗ್ಗೆ ಬೇರೆಯಾಗಿಯೇ ಹೇಳಬೇಕು. ಇವುಗಳ ಸೈಲೆನ್ಸರ್ ಕಡೆಯಲ್ಲಿರುವ ಫಿಲ್ಟರ್ ಮಸಿಯನ್ನು ಹಿಡಿದಿಟ್ಟು, ಆಗಾಗ ಬಿಸಿಯೇರಿ ಸುಟ್ಟುಹಾಕುತ್ತದೆ. ಸಿಟಿಯೊಳಗೆ ನಿಂತು ನಿಂತು ಓಡುವ ಗಾಡಿಯಲ್ಲಿ ಅಷ್ಟು ಬಿಸಿ ಹುಟ್ಟುವುದಿಲ್ಲ. ಸುಡುತ್ತಿರುವಾಗ ಡ್ರೈವರ್ ಎಂಜಿನ್ ಆಫ್ ಮಾಡಿದರೆ ಫಿಲ್ಟರ್ ಕಟ್ಟಿಕೊಳ್ಳುತ್ತ ಬರುತ್ತದೆ, ಕೊನೆಗೆ ಗಾಡಿ ಶಕ್ತಿ ಕಳೆದುಕೊಂಡು ವರ್ಕ್‌ಶಾಪ್ ಸೇರುತ್ತದೆ. ಡಿಇಎಫ್ (ಹೊಗೆ ಶುದ್ಧಿಗೆ ಬಳಸುವ ಯೂರಿಯಾ ದ್ರವ) ಖಾಲಿಯಾದರೂ, ಅದಕ್ಕೆ ನೀರು ಬೆರೆಸಿದರೂ ಇದೇ ಗತಿ. ಡ್ಯಾಶ್‌ಬೋರ್ಡಿನ ಆ ದೀಪಗಳ ಅರ್ಥವನ್ನು ಡ್ರೈವರುಗಳಿಗೆ ಕನ್ನಡದಲ್ಲಿ, ಚಿತ್ರ ಬರೆದು ಕ್ಯಾಬಿನ್ನಿನಲ್ಲಿ ಅಂಟಿಸಿ. ಮಾಡಲು ಒಂದು ದಿನ ಸಾಕು, ಉಳಿಯುವುದು ಲಕ್ಷಗಳು.

ಡ್ರೈವರುಗಳ ಜೊತೆ

ಈ ಕಸುಬಿನಲ್ಲಿ ಮೇಲೇರಿದವರನ್ನು ಗಮನಿಸಿ. ಹೆಚ್ಚಿನವರು ಡ್ರೈವರುಗಳ ಫೋನ್ ಎತ್ತುವವರು. ರಾತ್ರಿ ಎರಡಕ್ಕೆ ಹಾವೇರಿ ಬೈಪಾಸಿನಲ್ಲಿ ಟೈರ್ ಸಿಡಿದು ನಿಂತವರಿಗೆ ಆ ಕಡೆಯಿಂದ ‘ಗಾಡಿ ಸೈಡಿಗೆ ಹಾಕಿದ್ರಾ ಅಣ್ಣ, ನಿಮಗೇನೂ ಆಗಿಲ್ಲ ತಾನೆ?’ ಎಂಬ ಮಾತು ಕೇಳಿಸಬೇಕು. ಮೊದಲ ಮಾತೇ ‘ಡೆಲಿವರಿ ಲೇಟಾಗುತ್ತಲ್ಲ’ ಎಂದಾದರೆ ಆ ಡ್ರೈವರ್ ಮುಂದಿನ ತಿಂಗಳು ಬೇರೆ ಗಾಡಿ ಹತ್ತುತ್ತಾರೆ.

ನಿದ್ದೆಯ ಲೆಕ್ಕ ಮಾಡಲು ಕಲಿಯಿರಿ. ಬೆಂಗಳೂರಿನಿಂದ ಮುಂಬೈಗೆ ಸುಮಾರು 1,000 ಕಿ.ಮೀ. ಲೋಡ್ ಲಾರಿಯ ಸರಾಸರಿ ಗಂಟೆಗೆ 40 ಕಿ.ಮೀ. ಎಂದರೆ 25 ಗಂಟೆ ಬರೀ ಓಡಿಸುವ ಹೊತ್ತು. ಚಾಲಕರಿಗೆ ದಿನಕ್ಕೆ 8 ಗಂಟೆ, ವಾರಕ್ಕೆ 48 ಗಂಟೆ ಎಂಬ ಮಿತಿಯನ್ನು ಹಾಕಿಕೊಟ್ಟದ್ದು 1961ರ ಮೋಟಾರು ಸಾರಿಗೆ ಕಾರ್ಮಿಕರ ಕಾಯ್ದೆ. ದೂರದ ಓಟಕ್ಕೆ ಸ್ವಲ್ಪ ಸಡಿಲಿಕೆ ಹಿಡಿದರೂ ಒಬ್ಬರೇ ಓಡಿಸಿದರೆ ಮೂರನೆಯ ದಿನ ಮುಟ್ಟಬೇಕು. ‘ನಾಳೆ ಸಂಜೆಗೆ ಮುಂಬೈ’ ಎಂದು ಪಾರ್ಟಿಗೆ ಮಾತು ಕೊಟ್ಟವರು ಎರಡನೆಯ ಡ್ರೈವರನ್ನೂ ಕಳಿಸಬೇಕು. ಇಲ್ಲವಾದರೆ ಆ ಮಾತನ್ನು ಡ್ರೈವರಿನ ನಿದ್ದೆಯಿಂದ ತೀರಿಸುತ್ತಿದ್ದಾರೆ. ಇ-ವೇ ಬಿಲ್ ಕೂಡ ಆ ದೂರಕ್ಕೆ ಐದು ದಿನ ಕೊಡುತ್ತದೆ. ಅವಸರ ಕಾನೂನಿನದಲ್ಲ, ನಮ್ಮದು. ಸುಳ್ಳು ಡೆಲಿವರಿ ಸಮಯ ಕೊಡಲು ಒಪ್ಪದಿರುವುದೇ ಈ ಹುದ್ದೆಗೆ ಬೇಕಾದ ಮೊದಲ ಯೋಗ್ಯತೆ ಎಂಬುದು ನನ್ನ ಗಟ್ಟಿ ಅಭಿಪ್ರಾಯ.

ಬತ್ತಾ, ಟೋಲ್, ಹಮಾಲಿ ಲೆಕ್ಕವನ್ನು ಟ್ರಿಪ್ ಮುಗಿದ ದಿನವೇ ಚುಕ್ತಾ ಮಾಡಿ. ತಿಂಗಳ ಕೊನೆಗೆ ತಳ್ಳಿದಷ್ಟೂ ಇಬ್ಬರಿಗೂ ಅನುಮಾನ ಬೆಳೆಯುತ್ತದೆ.

ಮೇಲಿನ ಹುದ್ದೆ ಕೇಳುವಾಗ

ಸಂದರ್ಶನಕ್ಕೆ ಸರ್ಟಿಫಿಕೇಟುಗಳ ಜೊತೆ ಒಂದು ಹಾಳೆ ಕೊಂಡೊಯ್ಯಿರಿ. ಅದರಲ್ಲಿ ನೀವು ನೋಡಿಕೊಂಡ ಗಾಡಿಗಳ ಸಂಖ್ಯೆ, ತಿಂಗಳಿಗೆ ಸರಾಸರಿ ಓಡಿದ ಕಿಲೋಮೀಟರ್, ಮೈಲೇಜ್, ನಿಂತ ದಿನಗಳು, ನೀವು ಬಂದ ಮೇಲೆ ಇವುಗಳಲ್ಲಿ ಆದ ಬದಲಾವಣೆ ಇರಲಿ. ಹಳೆಯ ಕಂಪನಿಯ ಗ್ರಾಹಕರ ಹೆಸರು, ಬಾಡಿಗೆ ದರ ಮಾತ್ರ ಬರೆಯಬೇಡಿ. ಅಲ್ಲಿಯ ಗುಟ್ಟು ಇಲ್ಲಿ ಹೇಳುವವರು ಇಲ್ಲಿಯದನ್ನು ಇನ್ನೊಂದು ಕಡೆ ಹೇಳುತ್ತಾರೆ ಎಂದು ಎದುರು ಕೂತವರಿಗೆ ಗೊತ್ತು.

ಕೋರ್ಸುಗಳ ವಿಷಯ. ಪುಣೆಯ ಕೇಂದ್ರೀಯ ರಸ್ತೆ ಸಾರಿಗೆ ಸಂಸ್ಥೆ ಸಾರಿಗೆ ಸಿಬ್ಬಂದಿಗೆಂದೇ ತರಬೇತಿ ನಡೆಸುತ್ತದೆ. ಒಂದೆರಡು ವರ್ಷ ಕೆಲಸ ಮಾಡಿದ ಮೇಲೆ ಹೋದರೆ ಅಲ್ಲಿ ಹೇಳುವುದು ತಲೆಗೆ ಹತ್ತುತ್ತದೆ. ಲಾಜಿಸ್ಟಿಕ್ಸ್ ಎಂಬಿಎ ದೊಡ್ಡ ಕಂಪನಿಯ ಬಾಗಿಲು ತೆರೆಯಬಹುದು, ಆದರೆ ಯಾರ್ಡಿನ ಅನುಭವವಿಲ್ಲದೆ ದೊಡ್ಡ ಸಾಲ ಮಾಡಿ ಸೇರುವುದು ಬೇಡ.

ಹೊಸದಾಗಿ ತೆರೆಯುತ್ತಿರುವ ಕಡೆ ಎಲೆಕ್ಟ್ರಿಕ್ ಬಸ್ಸು. ಬಿಎಂಟಿಸಿಯಲ್ಲಿ ಇವು ಕಿಲೋಮೀಟರಿಗೆ ಇಷ್ಟೆಂಬ ಗುತ್ತಿಗೆಯ ಮೇಲೆ ಓಡುತ್ತವೆ: ಬಸ್ಸು, ಚಾಲಕ, ನಿರ್ವಹಣೆ ಖಾಸಗಿ ಕಂಪನಿಯದು, ಕಂಡಕ್ಟರ್ ನಿಗಮದವರು. ಓಡಿದ ಕಿಲೋಮೀಟರಿಗೆ ಹಣ ಎಂದಾಗ ನಿಂತ ಬಸ್ಸಿನ ನೋವು ಇನ್ನೂ ಹೆಚ್ಚು. ಯಾವ ಬಸ್ಸನ್ನು ಯಾವ ಹೊತ್ತಿಗೆ ಚಾರ್ಜಿಗೆ ಹಾಕಬೇಕು, ಎಷ್ಟು ಚಾರ್ಜ್ ಉಳಿದಾಗ ಡಿಪೊಗೆ ಕರೆಸಬೇಕು ಎಂದು ಯೋಜಿಸಬಲ್ಲ ಎಲೆಕ್ಟ್ರಿಕಲ್ ಡಿಪ್ಲೊಮಾದವರಿಗೂ ಈಗ ಸಾರಿಗೆಯಲ್ಲಿ ಜಾಗವಿದೆ.

ಹೊಸಬರು ಎಡವುವ ಜಾಗಗಳು

ಓವರ್‌ಲೋಡಿಗೆ ತಲೆಯಾಡಿಸುವುದು ಮೊದಲನೆಯದು. 2018ರ ಪರಿಷ್ಕರಣೆಯ ನಂತರ ಎರಡು ಆಕ್ಸಲ್ ಲಾರಿಗೆ ಒಟ್ಟು 18.5 ಟನ್, ಮೂರು ಆಕ್ಸಲಿಗೆ 28.5 ಟನ್ ಮಿತಿ. ಇದು ಗಾಡಿಯ ತೂಕವೂ ಸೇರಿ. ಆದರೂ ಲೆಕ್ಕಕ್ಕೆ ಬರುವುದು ನಿಮ್ಮ ಆರ್‌ಸಿಯಲ್ಲಿ ಬರೆದಿರುವ ತೂಕವೇ. ಮೀರಿದರೆ ಕಾನೂನಿನ ಪ್ರಕಾರ 20,000 ರೂಪಾಯಿ, ಜೊತೆಗೆ ಹೆಚ್ಚಿನ ಪ್ರತಿ ಟನ್ನಿಗೆ 2,000 ರೂಪಾಯಿ ದಂಡ. ದಂಡಕ್ಕಿಂತ ಭಯಪಡಬೇಕಾದದ್ದು ಘಾಟಿಯ ಇಳಿಜಾರಿನಲ್ಲಿ ಬ್ರೇಕ್ ಕಾದು ಹಿಡಿಯದೆ ಹೋಗುವುದಕ್ಕೆ.

ಖಾಲಿ ಎಲ್‌ಆರ್ ಪುಸ್ತಕಕ್ಕೆ ಸಹಿ ಹಾಕಿ ಕೊಡುವುದು, ನೋಡದ ಸರಕಿಗೆ ಇ-ವೇ ಬಿಲ್ ಮಾಡಿಸುವುದು ಇನ್ನೊಂದು. ‘ಸಾಹೇಬ್ರು ಹೇಳಿದ್ದಾರೆ’ ಎಂಬುದು ತನಿಖೆಯಲ್ಲಿ ರಕ್ಷಣೆಯಲ್ಲ. ಟೈರಿನ ಪಟ್ಟೆಯ ಆಳ 1.6 ಮಿ.ಮೀ.ಗೆ ಇಳಿದ ಮೇಲೂ ‘ಇನ್ನೊಂದು ಟ್ರಿಪ್’ ಎನ್ನಬೇಡಿ. ರೀಸೋಲ್ ಟೈರನ್ನು ಮುಂದಿನ ಚಕ್ರಕ್ಕೆ ಹಾಕಿಸಲೇಬೇಡಿ.

ಮಂಗಳೂರು, ಉಡುಪಿ, ಭಟ್ಕಳದ ಕಡೆಯವರು ಗಲ್ಫಿನ ಸಾರಿಗೆ ಕಂಪನಿಗಳತ್ತ ನೋಡುವುದು ಸಹಜ. ಯುಎಇಯಲ್ಲಿ ನಮ್ಮ ಹೆವಿ ಲೈಸೆನ್ಸ್ ನೇರವಾಗಿ ನಡೆಯುವುದಿಲ್ಲ, ಅಲ್ಲಿಯ ಪರೀಕ್ಷೆ ಪಾಸಾಗಬೇಕು. ಆ ಖರ್ಚು ಯಾರದೆಂದು ಕರಾರಿನಲ್ಲಿ ಬರೆಸಿಕೊಳ್ಳಿ. ಏಜೆಂಟ್ ಸರ್ಕಾರದಲ್ಲಿ ನೋಂದಾಯಿತರೇ ಎಂದು ಇ-ಮೈಗ್ರೇಟ್ ಪೋರ್ಟಲಿನಲ್ಲಿ ನೋಡಿ. ಅವರು ಪಡೆಯಬಹುದಾದ ಸೇವಾಶುಲ್ಕಕ್ಕೆ 30,000 ರೂಪಾಯಿ ಮತ್ತು ಜಿಎಸ್‌ಟಿ ಎಂಬ ಮಿತಿ ಇದೆ. ಲಕ್ಷಗಟ್ಟಲೆ ಕೇಳಿದರೆ ಎದ್ದು ಬನ್ನಿ.

ಸ್ವಂತ ಲಾರಿ ಕೊಳ್ಳುವ ಮುಂಚೆ

ನಾಲ್ಕೈದು ವರ್ಷ ಬೇರೆಯವರ ಗಾಡಿ ನೋಡಿಕೊಂಡವರಿಗೆ ಈ ಆಸೆ ಬಂದೇ ಬರುತ್ತದೆ, ಬರಲಿ. ಆದರೆ ಫೈನಾನ್ಸ್ ಕಂಪನಿಯ ಕಾಗದಕ್ಕೆ ಸಹಿ ಹಾಕುವ ಮುಂಚೆ ಮೂರು ಸಂಗತಿ ಖಚಿತವಾಗಿರಲಿ. ಹೋಗುವ ಲೋಡಿನಷ್ಟೇ ರಿಟರ್ನ್ ಲೋಡೂ ಸಿಗುವ ದಾರಿ ನಿಮಗೆ ಗೊತ್ತಿರಬೇಕು. ಖಾಲಿ ಬರುವ ಗಾಡಿಗೆ ಹೋಗುವಾಗಿನ ಬಾಡಿಗೆಯೇ ಎರಡೂ ಕಡೆಯ ಡೀಸೆಲ್ ಕೊಡಬೇಕಾಗುತ್ತದೆ. ಬಾಡಿಗೆ ಬ್ಯಾಲೆನ್ಸ್ ಎಷ್ಟು ದಿನಕ್ಕೆ ಕೈಸೇರುತ್ತದೆ ಎಂದು ಪಾರ್ಟಿಯಿಂದ ಬರವಣಿಗೆಯಲ್ಲಿ ಪಡೆಯಿರಿ, ಏಕೆಂದರೆ ಡೀಸೆಲ್ ಇವತ್ತೇ ಹಾಕಿಸಬೇಕು, ಬಿಲ್ಲಿನ ಹಣ ಎರಡು ಮೂರು ತಿಂಗಳು ತಡವಾಗಬಹುದು. ಮತ್ತೆ, ಕನಿಷ್ಠ ಆರು ತಿಂಗಳ ಕಂತು ಬೇರೆ ಖಾತೆಯಲ್ಲಿರಲಿ. ಈ ಮೂರರಲ್ಲಿ ಒಂದು ಇಲ್ಲದಿದ್ದರೂ ಇನ್ನೊಂದು ವರ್ಷ ಸಂಬಳದ ಕೆಲಸದಲ್ಲೇ ಇದ್ದು, ಅದೇ ನಾಲ್ಕು ಕಾಲಮಿನ ಪುಸ್ತಕದಲ್ಲಿ ನೀವು ಕೊಳ್ಳಬೇಕೆಂದಿರುವ ಮಾದರಿಯ ಗಾಡಿಯ ಖರ್ಚನ್ನೂ ಬರೆಯುತ್ತ ಬನ್ನಿ.